ಅಕ್ಷರಕ್ಕೆ ಎಲ್ಲೆ ಕಟ್ಟಿದ ಫ್ರೇಗೆ

ಕಲಾ ವಿಭಾಗದ ನಮಗೂ ಗಣಕಯಂತ್ರದ ಪಾಠವನ್ನು ಐಚ್ಛಿಕ ವಿಷಯವಾಗಿ ಇಟ್ಟಾಗ, ತರ್ಕಶಾಸ್ತ್ರದ ವಿದ್ಯಾರ್ಥಿಯಾದ ನಾನೂ ಕುತೂಹಲದಿಂದ ಅದಕ್ಕೆ ಹೆಸರು ಕೊಟ್ಟೆನು. ಸಿ ಎಂಬ ಭಾಷೆಯಲ್ಲಿ ನಾನು ಬರೆದ ಮೊದಲನೆಯ ದೊಡ್ಡ ಪ್ರೋಗ್ರಾಂ ಐದು ಮಂದಿ ವಿದ್ಯಾರ್ಥಿಗಳ ಆರಾರು ವಿಷಯಗಳ ಅಂಕಗಳನ್ನು ಕೇಳಿ ಪಡೆದು, ಅವರವರ ಮೊತ್ತವನ್ನು ಹೇಳುವಂಥದು. ಓಡಿಸಿ ನೋಡಿದರೆ, ಯಂತ್ರವು ಮೊದಲನೆಯವನ ಆರು ಅಂಕಗಳನ್ನು ಕೇಳಿ, ಮಿಕ್ಕ ನಾಲ್ವರ ಕಡೆಗೆ ಕಣ್ಣೆತ್ತಿಯೂ ನೋಡದೆ, ಕೆಲಸ ಮುಗಿಯಿತೆಂದು ಸುಮ್ಮನಾಯಿತು. ಒಂದು ಮಧ್ಯಾಹ್ನವೆಲ್ಲ ತಲೆ ಕೆರೆದುಕೊಂಡದ್ದಾಯಿತು. ಕೊನೆಗೆ ನಮ್ಮ ಅಧ್ಯಾಪಕರು ಬಂದು ಬೆರಳಿಟ್ಟು ತೋರಿಸಿದರು. ವಿದ್ಯಾರ್ಥಿಗಳನ್ನು ಎಣಿಸುವುದಕ್ಕೆ ಐ ಎಂಬ ಅಕ್ಷರವನ್ನು ಇಟ್ಟುಕೊಂಡಿದ್ದ ನಾನು, ಅದರ ಹೊಟ್ಟೆಯೊಳಗೇ ವಿಷಯಗಳನ್ನು ಎಣಿಸುವುದಕ್ಕೂ ಅದೇ ಐಯನ್ನು ಬಳಸಿದ್ದೆನು. ಒಳಗಿನ ಎಣಿಕೆ ಮುಗಿಯುವ ಹೊತ್ತಿಗೆ ಐಯ ಬೆಲೆ ಐದನ್ನು ದಾಟಿತ್ತು. ಹೊರಗಿನ ಎಣಿಕೆ ಅದನ್ನು ನೋಡಿ, ಐದು ಮಂದಿಯೂ ಮುಗಿದರೆಂದು ತಿಳಿದುಬಿಟ್ಟಿತು. ಒಳಗಿನದಕ್ಕೆ ಜೆ ಎಂದು ಹೆಸರಿಟ್ಟೊಡನೆ ಎಲ್ಲವೂ ಸರಿಹೋಯಿತು.

ಇದಾದ ಕೆಲವು ದಿನಗಳಿಗೆ ನಮ್ಮ ಗ್ರಂಥಾಲಯದಲ್ಲಿ ಆಧುನಿಕ ತರ್ಕಶಾಸ್ತ್ರದ ಇತಿಹಾಸವನ್ನು ಓದುತ್ತಿದ್ದಾಗ, ಒಂದು ಅಕ್ಷರದ ವ್ಯಾಪ್ತಿಯೊಳಗೆ ಇನ್ನೊಂದರ ವ್ಯಾಪ್ತಿ ಬಂದರೆ ಎರಡಕ್ಕೂ ಬೇರೆ ಬೇರೆ ಅಕ್ಷರಗಳನ್ನೇ ಆರಿಸಬೇಕೆಂಬ ನಿಯಮವನ್ನು 1879ರಲ್ಲಿಯೇ ಒಬ್ಬ ಜರ್ಮನ್ ಗಣಿತಜ್ಞನು ಬರೆದಿಟ್ಟಿದ್ದನೆಂದು ತಿಳಿದು ಚಕಿತನಾದೆನು. ಗಣಕಯಂತ್ರಗಳು ಹುಟ್ಟುವುದಕ್ಕೆ ಅರುವತ್ತು ವರ್ಷಗಳಿಗೂ ಹಿಂದಿನ ಮಾತು ಅದು. ಗಾಟ್ಲೋಬ್ ಫ್ರೇಗೆ ಎಂಬ ಆತನ ಹೆಸರನ್ನು ತರಗತಿಯಲ್ಲಿ ಕೇಳಿದ್ದೆನು, ಆದರೆ ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಆತನ ಬಾಳು ಹೇಗಿದ್ದಿತೆಂದು ತಿಳಿಯುವ ಆಸೆ ಹುಟ್ಟಿದ್ದು ನನ್ನ ತಪ್ಪಿನಿಂದ. ಅದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ವಿಸ್ಮಾರ್ ಎಂಬ ಜರ್ಮನ್ ಪಟ್ಟಣದಲ್ಲಿ 1848ನೆಯ ನವೆಂಬರ್ 8ರಂದು ಫ್ರೇಗೆ ಹುಟ್ಟಿದನು. ತಂದೆ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥ. ಮಕ್ಕಳಿಗೆ ಜರ್ಮನ್ ಭಾಷೆಯನ್ನು ಕಲಿಸುವುದಕ್ಕಾಗಿ ಒಂದು ಪಾಠಪುಸ್ತಕವನ್ನೂ ಬರೆದಿದ್ದನು. ಮನೆಯಲ್ಲಿ ವ್ಯಾಕರಣದ ಮಾತು ಕೇಳುತ್ತ ಬೆಳೆದ ಹುಡುಗ ಮುಂದೆ ಆಡುಮಾತಿನ ವ್ಯಾಕರಣವನ್ನೇ ನಂಬದವನಾದದ್ದು ಒಂದು ವಿಚಿತ್ರ. 1866ರಲ್ಲಿ ತಂದೆ ತೀರಿಕೊಂಡನು. ಶಾಲೆಯ ಭಾರ ತಾಯಿಯ ಮೇಲೆ ಬಿತ್ತು. ಫ್ರೇಗೆ 1869ರಲ್ಲಿ ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿ, ಎರಡು ವರ್ಷಗಳ ಮೇಲೆ ಗಟಿಂಗೆನ್‌ಗೆ ಹೋಗಿ, 1873ರಲ್ಲಿ ರೇಖಾಗಣಿತದಲ್ಲಿ ಡಾಕ್ಟರೇಟ್ ಪಡೆದನು. ಮರುವರ್ಷವೇ ಯೇನಾಕ್ಕೆ ಮರಳಿ ಅಧ್ಯಾಪಕನಾದನು. ಅಲ್ಲಿಂದ ನಿವೃತ್ತನಾಗುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಆತನು ಆ ಊರನ್ನು ಬಿಟ್ಟು ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಹೋಗಲಿಲ್ಲ.

ಆತನ ಮನಸ್ಸನ್ನು ಹಿಡಿದ ಪ್ರಶ್ನೆ ಒಂದೇ. ಎರಡೂ ಎರಡೂ ನಾಲ್ಕು ಎಂಬುದು ನಿಜವಾಗುವುದು ಯಾವ ಆಧಾರದ ಮೇಲೆ? ಅನುಭವದಿಂದಲೇ, ಅಥವಾ ತರ್ಕದಿಂದಲೇ? ತರ್ಕದಿಂದಲೇ ಎಂದು ಫ್ರೇಗೆ ನಂಬಿದ್ದನು. ಹಾಗಿದ್ದರೆ ಅಂಕಗಣಿತದ ಪ್ರತಿಯೊಂದು ಹೆಜ್ಜೆಯನ್ನೂ ತರ್ಕದ ಕೆಲವೇ ಮೂಲಸೂತ್ರಗಳಿಂದ ನಡುವೆ ಬಿರುಕಿಲ್ಲದಂತೆ ಪಡೆದು ತೋರಿಸಬೇಕು. ಅದಕ್ಕೆ ಹೊರಟಾಗ ಮಾತೇ ಅಡ್ಡ ಬಂದಿತು. ಆಡುವ ಭಾಷೆಯಲ್ಲಿ ಬರೆದ ಸಾಧನೆಯಲ್ಲಿ ಎಲ್ಲಿ ಏನು ನುಸುಳಿತೆಂದು ಹಿಡಿಯುವುದು ಕಷ್ಟ.

ಈ ಕಷ್ಟವು ನಮ್ಮ ಕನ್ನಡದಲ್ಲಿಯೂ ಉಂಟು. ತರಗತಿಯಲ್ಲಿ ಹಾಜರಿ ತೆಗೆಯುವಾಗ ಎಲ್ಲರೂ ಬಂದಿಲ್ಲ ಎಂದು ಒಬ್ಬನು ಹೇಳಿದನೆಂದಿಟ್ಟುಕೊಳ್ಳಿ. ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ ಎಂದು ಅದರ ಅರ್ಥವೋ, ಒಬ್ಬರೂ ಬಂದಿಲ್ಲವೆಂದೋ? ಹಾಗೆಯೇ, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪುಸ್ತಕವನ್ನು ಓದಿದ್ದಾನೆ ಎಂದರೆ, ಎಲ್ಲರೂ ಓದಿದ್ದು ಅದೇ ಒಂದು ಪುಸ್ತಕವೋ, ಒಬ್ಬೊಬ್ಬನದು ಒಂದೊಂದೋ? ಹೇಳುವವನ ದನಿಯಿಂದಲೂ ಸಂದರ್ಭದಿಂದಲೂ ನಾವು ತಿಳಿದುಕೊಳ್ಳುತ್ತೇವೆ. ಅರಿಸ್ಟಾಟಲನಿಂದ ಬಂದ ಹಳೆಯ ತರ್ಕದಲ್ಲಿ ಮೊದಲನೆಯ ಭೇದಕ್ಕೆ ಸ್ಥಾನವಿದ್ದಿತು. ಎರಡನೆಯದನ್ನು, ಅಂದರೆ ಎಲ್ಲ ಎಂಬುದರೊಳಗೆ ಒಂದು ಎಂಬುದು ಕೂತಾಗ ಆಗುವ ತೊಡಕನ್ನು, ಬಿಡಿಸಲು ಸಾಧನವಿರಲಿಲ್ಲ. ಗಣಿತದಲ್ಲಿಯಾದರೋ ಹೆಜ್ಜೆಹೆಜ್ಜೆಗೂ ಅದೇ ತೊಡಕು.

1879ರಲ್ಲಿ ಹಾಲೆ ನಗರದಲ್ಲಿ ಅಚ್ಚಾದ ಒಂದು ನೂರು ಪುಟಕ್ಕೂ ಕಡಿಮೆಯ ಪುಸ್ತಕದಲ್ಲಿ ಫ್ರೇಗೆ ಇದಕ್ಕೆ ಪರಿಹಾರ ಕೊಟ್ಟನು. ಪುಸ್ತಕದ ಹೆಸರು ಬೆಗ್ರಿಫ್ಸ್‌ಶ್ರಿಫ್ಟ್. ಕನ್ನಡದಲ್ಲಿ ಭಾವಲಿಪಿ ಎನ್ನಬಹುದು. ಅದರಲ್ಲಿ ವಾಕ್ಯಗಳನ್ನು ಬರೆಯುವುದು ಅಡ್ಡಗೆರೆ ಉದ್ದಗೆರೆಗಳಿಂದ. ಮರದ ಕೊಂಬೆಗಳಂತೆ ಅವು ಪುಟದ ಮೇಲೆ ಕೆಳಮುಖವಾಗಿ ಹರಡುತ್ತವೆ. ಎಲ್ಲ ಎಂಬ ಅರ್ಥ ಬೇಕಾದಲ್ಲಿ ಅಡ್ಡಗೆರೆಯಲ್ಲಿ ಒಂದು ಸಣ್ಣ ಹಳ್ಳ ಮಾಡಿ, ಆ ಹಳ್ಳದಲ್ಲಿ ಒಂದು ಅಕ್ಷರವನ್ನು ಕೂರಿಸುತ್ತಾನೆ. ಆ ಹಳ್ಳದ ಬಲಕ್ಕೆ ಏನುಂಟೋ ಅಷ್ಟೇ ಆ ಅಕ್ಷರದ ರಾಜ್ಯ. ಅದರಾಚೆಗೆ ಅದೇ ಅಕ್ಷರ ಕಂಡುಬಂದರೆ ಅದು ಬೇರೆ ಮನೆಯ ಅಕ್ಷರ. ಇದಕ್ಕೂ ಅದಕ್ಕೂ ನಂಟಿಲ್ಲ. ಇಲ್ಲ ಎಂಬುದಕ್ಕೆ ಗೆರೆಯ ಕೆಳಗೆ ತೂಗುವ ಒಂದು ಪುಟ್ಟ ಕಡ್ಡಿ. ಕಡ್ಡಿ ಹಳ್ಳದ ಎಡಕ್ಕೆ ಬಂದರೆ ಎಲ್ಲರೂ ಬಂದರೆಂಬುದು ಸುಳ್ಳು ಎಂದರ್ಥ. ಬಲಕ್ಕೆ ಬಂದರೆ ಒಬ್ಬರೂ ಬಂದಿಲ್ಲ ಎಂದರ್ಥ. ಹಾಜರಿಯ ಜಗಳ ಒಂದು ಕಡ್ಡಿಯ ಜಾಗದಿಂದ ತೀರಿತು! (ಆ ಚಿತ್ರವನ್ನೇ ಇಲ್ಲಿ ಅಚ್ಚು ಹಾಕಿಸಬೇಕೆಂದಿದ್ದೆನು. ಮುದ್ರಣಾಲಯದವರು ಆಗದೆಂದುದರಿಂದ ಮಾತಿನಲ್ಲಿ ಬರೆಯಬೇಕಾಯಿತು.)

ಈ ರಾಜ್ಯವನ್ನು ಫ್ರೇಗೆ ಅಕ್ಷರದ ಕ್ಷೇತ್ರವೆಂದೇ ಕರೆದನು. ಇಂದು ಪ್ರೋಗ್ರಾಂ ಬರೆಯುವವರು ಚರಾಕ್ಷರದ ವ್ಯಾಪ್ತಿ ಎನ್ನುವುದು ಇದನ್ನೇ. ಕ್ಷೇತ್ರದೊಳಗೆ ಎಲ್ಲೆಲ್ಲಿ ಆ ಅಕ್ಷರವಿದೆಯೋ ಅಲ್ಲೆಲ್ಲ ಒಟ್ಟಿಗೆ ಬೇರೊಂದು ಅಕ್ಷರವನ್ನು ಹಾಕಿದರೆ ಅರ್ಥ ಕೆಡುವುದಿಲ್ಲ, ಆದರೆ ಮೊದಲು ಬೇರೆಯಾಗಿದ್ದ ಅಕ್ಷರಗಳು ಬೇರೆಯಾಗಿಯೇ ಉಳಿಯಬೇಕು ಎಂದೂ ಆತನು ವಿಧಿಸಿದನು. ನಾನು ಜೆ ಎಂದು ಬದಲಿಸಿದ್ದು ಈ ವಿಧಿಯ ಪ್ರಕಾರವೇ. ಇದನ್ನು ನಮ್ಮ ಸಂಸ್ಕೃತ ಅಧ್ಯಾಪಕರಿಗೆ ಹೇಳಿದಾಗ ಅವರು ನಕ್ಕು ಪಾಣಿನಿಯ ಅಧಿಕಾರಸೂತ್ರಗಳನ್ನು ನೆನಪಿಸಿದರು. ಅಂಗಸ್ಯ ಎಂಬ ಒಂದೇ ಪದದ ಸೂತ್ರವು ಆರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ತೊಡಗಿ ಏಳನೆಯ ಅಧ್ಯಾಯದ ಕೊನೆಯವರೆಗೆ ಅಧಿಕಾರ ನಡೆಸಿ ಅಲ್ಲಿಗೆ ನಿಲ್ಲುತ್ತದೆ. ಎಲ್ಲೆ ಕಟ್ಟುವ ಬುದ್ಧಿ ನಮ್ಮಲ್ಲಿ ಹಳೆಯದು. ಆದರೆ ಅದು ಸೂತ್ರದ ಎಲ್ಲೆ. ಒಂದು ಅಕ್ಷರಕ್ಕೆ, ಅದೂ ಒಂದು ವಾಕ್ಯದ ಒಳಗೆ, ಕಣ್ಣಿಗೆ ಕಾಣುವ ಬೇಲಿ ಹಾಕಿದವನು ಫ್ರೇಗೆ.

ಇನ್ನೊಂದು ಉಪಾಯವನ್ನೂ ಹೇಳಬೇಕು. ಎಲ್ಲ ಅಕ್ಷರಗಳನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟದೆ ಫ್ರೇಗೆ ಅವುಗಳನ್ನು ಜಾತಿಜಾತಿಯಾಗಿ ಬೇರ್ಪಡಿಸಿದನು. ಹಳ್ಳದಲ್ಲಿ ಕೂರುವ, ಎಲ್ಲೆಯುಳ್ಳ ಅಕ್ಷರಗಳಿಗೆ ಹಳೆಯ ಜರ್ಮನ್ ಮುದ್ರಾಕ್ಷರ. ಇಡೀ ವಾಕ್ಯವನ್ನೇ ವ್ಯಾಪಿಸುವ ಅಕ್ಷರಗಳಿಗೆ ಓರೆಯಾದ ಲ್ಯಾಟಿನ್ ಅಕ್ಷರ. ಅವಕ್ಕೆ ಹಳ್ಳ ಬೇಡ. ಮುಂದಿನ ಗ್ರಂಥದಲ್ಲಿ, ಒಂದು ಫಂಕ್ಷನ್ನನ್ನು ಒಂದು ವಸ್ತುವಿನಂತೆ ಕಟ್ಟಿ ಕೊಡಬೇಕಾದಾಗ, ತಲೆಯ ಮೇಲೆ ಗುರುತು ಹೊತ್ತ ಗ್ರೀಕ್ ಸ್ವರಾಕ್ಷರ. ಅಕ್ಷರದ ರೂಪ ನೋಡಿದೊಡನೆಯೇ ಅದು ಯಾವ ಮನೆಯದು, ಎಷ್ಟು ದೂರ ಅದರ ಮಾತು ನಡೆಯುತ್ತದೆ ಎಂದು ಓದುವವನಿಗೆ ತಿಳಿಯಬೇಕೆಂಬುದು ಉದ್ದೇಶ. ನಮ್ಮ ಹಳ್ಳಿಯಲ್ಲಿ ಇಬ್ಬರು ರಾಮಣ್ಣಂದಿರಿದ್ದರೆ ಒಬ್ಬನನ್ನು ಅಂಗಡಿ ರಾಮಣ್ಣನೆಂದೂ ಇನ್ನೊಬ್ಬನನ್ನು ಮೇಲಿನಮನೆ ರಾಮಣ್ಣನೆಂದೂ ಕರೆಯುವುದಿಲ್ಲವೆ? ಇಂದಿನ ಸಿ ಪ್ಲಸ್ ಪ್ಲಸ್, ಪೈಥಾನ್ ಮೊದಲಾದ ಭಾಷೆಗಳಲ್ಲಿ ಹೆಸರಿನ ಹಿಂದೆ ಅದರ ಮನೆಯ ಹೆಸರನ್ನು ಸೇರಿಸುವ ಕ್ರಮ ಅಂಥದೇ.

ಪುಸ್ತಕಕ್ಕೆ ಸಿಕ್ಕಿದ ಸ್ವಾಗತವು ಮಾತ್ರ ತೀರ ತಣ್ಣಗಿದ್ದಿತು. ಜರ್ಮನಿಯ ಶ್ರೋಡರ್, ಇಂಗ್ಲೆಂಡಿನ ವೆನ್ ಇಬ್ಬರೂ ಹೆಸರಾಂತ ತರ್ಕಶಾಸ್ತ್ರಜ್ಞರು. 1880ರಲ್ಲಿ ಬರೆದ ವಿಮರ್ಶೆಗಳಲ್ಲಿ ಇಬ್ಬರೂ ಇದರಲ್ಲಿ ಹೊಸದೇನನ್ನೂ ಕಾಣಲಿಲ್ಲ. ಇಂಗ್ಲೆಂಡಿನ ಬೂಲನು ಆಗಲೇ ಮಾಡಿದ್ದನ್ನು ಈತನು ತೊಡಕಾಗಿ ಮಾಡಿದ್ದಾನೆಂದೇ ಅವರ ತೀರ್ಪು. ಕೆಳಮುಖವಾಗಿ ಹರಡುವ ಬರವಣಿಗೆಯನ್ನು ಶ್ರೋಡರ್ ಜಪಾನೀಯರ ಬರವಣಿಗೆಗೆ ಹೋಲಿಸಿ ಹಾಸ್ಯ ಮಾಡಿದನು. ಹಳ್ಳವನ್ನು ಇಬ್ಬರೂ ನೋಡಿದರು, ಅದರ ಎಲ್ಲೆಯನ್ನು ನೋಡಲಿಲ್ಲ. ಅವರನ್ನು ಹಳಿದು ಫಲವಿಲ್ಲ. ಆ ಲಿಪಿಯ ಒಂದು ಪುಟವನ್ನು ಓದಲು ನನಗೇ ಎರಡು ಸಂಜೆ ಹಿಡಿಯಿತು.

ಆತನ ಕೈ ಹಿಡಿದವನು ಯೇನಾದಲ್ಲಿ ಗುರುವಾಗಿದ್ದ ಅರ್ನ್ಸ್ಟ್ ಅಬ್ಬೆ. ಸೂಕ್ಷ್ಮದರ್ಶಕಗಳಿಗೆ ಪ್ರಸಿದ್ಧವಾದ ಕಾರ್ಲ್ ಝೈಸ್ ಕಾರ್ಖಾನೆಯ ಪಾಲುದಾರನಾಗಿದ್ದ ಈ ಭೌತವಿಜ್ಞಾನಿ ಫ್ರೇಗೆಯ ಯೋಗ್ಯತೆಯನ್ನು ಬಲ್ಲವನಾಗಿದ್ದನು. 1879ರಲ್ಲಿ ಫ್ರೇಗೆಗೆ ಬಡ್ತಿ ದೊರೆಯಿತು. 1896ರಲ್ಲಿ ಗೌರವ ಪ್ರಾಧ್ಯಾಪಕನಾದಾಗ ವೇತನದ ಬದಲು ಝೈಸ್ ಪ್ರತಿಷ್ಠಾನದ ಹಣ ಆತನನ್ನು ನಡೆಸಿತು. ಈ ನಡುವೆ 1884ರಲ್ಲಿ, ಲಿಪಿಯನ್ನು ಯಾರೂ ಓದಲಿಲ್ಲವೆಂದು ಕಂಡು, ಚಿಹ್ನೆಗಳನ್ನು ಬಿಟ್ಟು ಸರಳವಾದ ಗದ್ಯದಲ್ಲಿ ಅಂಕಗಣಿತದ ತಳಹದಿಯ ಮೇಲೆ ಒಂದು ಸುಂದರವಾದ ಗ್ರಂಥವನ್ನು ಬರೆದನು. ಅದನ್ನೂ ಹೆಚ್ಚು ಮಂದಿ ಓದಲಿಲ್ಲ. 1887ರಲ್ಲಿ ಮದುವೆಯಾಯಿತು.

ಇನ್ನು ಜೀವಮಾನದ ಗ್ರಂಥ. ಅಂಕಗಣಿತದ ಮೂಲನಿಯಮಗಳು ಎಂಬ ಅದರ ಮೊದಲನೆಯ ಸಂಪುಟ 1893ರಲ್ಲಿ ಹೊರಬಂದಿತು. ಆ ಚಿಹ್ನೆಗಳನ್ನು ಜೋಡಿಸುವುದು ಎಂಥ ಮುದ್ರಕನಿಗೂ ತಲೆನೋವು. ಮೊದಲ ಸಂಪುಟ ಹೇಗೆ ಹೋಗುವುದೆಂದು ನೋಡಿ ಎರಡನೆಯದನ್ನು ಯೋಚಿಸೋಣವೆಂದು ಪ್ರಕಾಶಕನು ಹೇಳಿದ್ದನು. ಅದು ಹೋಗಲಿಲ್ಲ. ಎರಡನೆಯ ಸಂಪುಟವನ್ನು ಫ್ರೇಗೆ ತನ್ನ ಕೈಯಿಂದ ಹಣ ಹಾಕಿ ಅಚ್ಚಿಗೆ ಕೊಟ್ಟನು.

ಅದು ಅಚ್ಚಿನಲ್ಲಿದ್ದಾಗ, 1902ನೆಯ ಜೂನ್ 16ರಂದು, ಇಂಗ್ಲೆಂಡಿನಿಂದ ಬರ್ಟ್ರಂಡ್ ರಸೆಲನು ಜರ್ಮನ್ ಭಾಷೆಯಲ್ಲಿಯೇ ಒಂದು ಕಾಗದ ಬರೆದನು. ಆಗ ರಸೆಲನಿಗೆ ಮೂವತ್ತು ವರ್ಷ. ಕಾಗದದ ತುಂಬ ಗೌರವವೇ. ನಡುವೆ ಒಂದು ಸಣ್ಣ ಸಂದೇಹ. ಅದನ್ನು ಗ್ರಂಥಾಲಯದ ದೃಷ್ಟಾಂತದಿಂದ ಹೇಳುತ್ತೇನೆ. ಪುಸ್ತಕಪಟ್ಟಿಗಳಲ್ಲಿ ಕೆಲವು ತಮ್ಮ ಹೆಸರನ್ನೂ ತಮ್ಮೊಳಗೆ ಬರೆದುಕೊಂಡಿರುತ್ತವೆ, ಕೆಲವು ಬರೆದುಕೊಂಡಿರುವುದಿಲ್ಲ. ತಮ್ಮ ಹೆಸರನ್ನು ಬರೆದುಕೊಳ್ಳದ ಪಟ್ಟಿಗಳನ್ನೆಲ್ಲ, ಅವುಗಳನ್ನು ಮಾತ್ರ, ಸೇರಿಸಿ ಒಂದು ದೊಡ್ಡ ಪಟ್ಟಿ ಮಾಡಿದರೆ ಅದರಲ್ಲಿ ಅದರ ಹೆಸರು ಇರಬೇಕೋ ಬೇಡವೋ? ಇದ್ದರೆ ಇರಬಾರದು, ಇಲ್ಲದಿದ್ದರೆ ಇರಬೇಕು. ಪಟ್ಟಿಯ ಬದಲು ಗಣ ಎಂದಿಟ್ಟುಕೊಳ್ಳಿ. ಅದೇ ರಸೆಲನ ವಿರೋಧಾಭಾಸ. ಫ್ರೇಗೆಯ ಐದನೆಯ ಮೂಲನಿಯಮ ಇಂಥ ಗಣಕ್ಕೆ ಬಾಗಿಲು ತೆರೆದಿಟ್ಟಿದ್ದಿತು. ಒಂದು ವಿರೋಧ ಒಳಹೊಕ್ಕರೆ ಆ ಪದ್ಧತಿಯಲ್ಲಿ ಏನನ್ನು ಬೇಕಾದರೂ ಸಾಧಿಸಬಹುದು. ಅಂದರೆ ಸಾಧನೆಗೇ ಬೆಲೆಯಿಲ್ಲ.

ಫ್ರೇಗೆಗೆ ಆಗ ಐವತ್ತಮೂರು ವರ್ಷ. ಕಾಗದಕ್ಕೆ ಉತ್ತರ ಬರೆದದ್ದು ಜೂನ್ 22ರಂದು, ಆರೇ ದಿನಗಳಲ್ಲಿ. ದೋಷವನ್ನು ಅಲ್ಲಗಳೆಯಲಿಲ್ಲ, ಮುಚ್ಚಿಡಲಿಲ್ಲ. ತನ್ನ ಕಟ್ಟಡದ ತಳಹದಿ ಅಲುಗಾಡಿತೆಂದು ಒಪ್ಪಿಕೊಂಡು, ಇಂಥದನ್ನು ಕಂಡುಹಿಡಿದದ್ದಕ್ಕೆ ರಸೆಲನನ್ನು ಮೆಚ್ಚಿದನು. 1903ರಲ್ಲಿ ಎರಡನೆಯ ಸಂಪುಟ ಹೊರಬಂದಾಗ ಅದರ ಕೊನೆಯ ಅನುಬಂಧದಲ್ಲಿ ಈ ವಿಷಯವನ್ನು ತಾನೇ ಲೋಕಕ್ಕೆ ಸಾರಿದ್ದನು. ಅಲ್ಲಿಯೇ ಒಂದು ತೇಪೆಯನ್ನೂ ಹಾಕಿ ನೋಡಿದನು, ಅದು ನಿಲ್ಲಲಿಲ್ಲ. ಮರುವರ್ಷ ಹೆಂಡತಿ ತೀರಿಕೊಂಡಳು. ಮೂರನೆಯ ಸಂಪುಟ ಬರಲೇ ಇಲ್ಲ.

ಇಲ್ಲಿ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಫ್ರೇಗೆಯ ತರ್ಕವೆಲ್ಲ ರಸೆಲನಿಂದ ಬಿದ್ದುಹೋಯಿತೆಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತೇವೆ. ನಾನೂ ಹಾಗೆ ಬರೆದು ಅಂಕ ಪಡೆದವನೇ. ಬಿದ್ದದ್ದು ಐದನೆಯ ನಿಯಮ. ಅದರೊಡನೆ, ಅಂಕಗಣಿತವನ್ನೆಲ್ಲ ತರ್ಕದಿಂದ ಪಡೆಯುವೆನೆಂಬ ಆತನ ಹಂಬಲ. ಹಳ್ಳವೂ ಅದರಲ್ಲಿ ಕೂತ ಅಕ್ಷರವೂ ಅದರ ಎಲ್ಲೆಯೂ ಕೂದಲಷ್ಟೂ ಅಲುಗಲಿಲ್ಲ. ಯಾವುದನ್ನು ಮನೆ ಕಟ್ಟಲು ಬೇಕಾದ ಗಾರೆಕರಣಿಯೆಂದು ಮಾತ್ರ ಆತನು ಎಣಿಸಿದ್ದನೋ ಅದು ಉಳಿಯಿತು, ಮನೆ ಹೋಯಿತು. ತನ್ನ ಬಾಳನ್ನು ಆತನು ಅಳೆದುಕೊಂಡದ್ದು ಮನೆಯಿಂದ. ಆದ್ದರಿಂದ ಕೊನೆಯವರೆಗೂ ಸೋತವನಂತೆಯೇ ಇದ್ದನು.

ಆತನ ಪಾಠಕ್ಕೆ ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಮುಂದೆ ದೊಡ್ಡ ದಾರ್ಶನಿಕನಾದ ರುಡಾಲ್ಫ್ ಕಾರ್ನಾಪ್ 1910ರಿಂದ ಆತನ ತರಗತಿಗಳಲ್ಲಿ ಕುಳಿತಿದ್ದವನು. ಫ್ರೇಗೆ ಚಿಕ್ಕ ಆಳು, ನಾಚಿಕೆಯ ಸ್ವಭಾವ. ವಿದ್ಯಾರ್ಥಿಗಳ ಕಡೆಗೆ ತಿರುಗದೆ ಹಲಗೆಯ ಕಡೆಗೇ ಮುಖಮಾಡಿ ತನ್ನ ವಿಚಿತ್ರ ಚಿಹ್ನೆಗಳನ್ನು ಬರೆಯುತ್ತ ವಿವರಿಸುತ್ತಿದ್ದನಂತೆ. 1913ರ ತರಗತಿಗೆ ಇದ್ದವರು ಮೂವರು: ಕಾರ್ನಾಪ್, ಆತನ ಒಬ್ಬ ಗೆಳೆಯ, ಮತ್ತು ಹವ್ಯಾಸಕ್ಕಾಗಿ ಗಣಿತ ಓದುತ್ತಿದ್ದ ಒಬ್ಬ ನಿವೃತ್ತ ಸೇನಾಧಿಕಾರಿ. 1911ರಲ್ಲಿ ತರುಣ ವಿಟ್ಗೆನ್‌ಸ್ಟೈನ್ ಯೇನಾಕ್ಕೆ ಬಂದು ಕಂಡಾಗ, ಆತನನ್ನು ರಸೆಲನ ಬಳಿಗೆ ಹೋಗಿ ಓದೆಂದು ಕಳುಹಿಸಿದವನೂ ಫ್ರೇಗೆಯೇ. ನಮ್ಮ ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಏಳು ಮಂದಿ ಇದ್ದೇವೆ, ಅಧ್ಯಾಪಕರು ಬೇಸರಪಡಬೇಕಾಗಿಲ್ಲ.

ಜೀವನಚರಿತ್ರೆಯೆಂದ ಮೇಲೆ ಒಳ್ಳೆಯದನ್ನು ಮಾತ್ರ ಬರೆಯುವುದು ನ್ಯಾಯವಲ್ಲ. 1924ರ ವಸಂತದಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಫ್ರೇಗೆ ಬರೆದ ದಿನಚರಿಯೊಂದು 1994ರಲ್ಲಿ ಪ್ರಕಟವಾಯಿತು. ಪ್ರಜಾಪ್ರಭುತ್ವದ ಮೇಲೆ, ಕ್ಯಾಥೊಲಿಕರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಯೆಹೂದ್ಯರ ಮೇಲೆ ಅದರಲ್ಲಿ ತುಂಬಿರುವ ದ್ವೇಷ ಓದುವವರನ್ನು ನಾಚಿಸುವಂಥದು. ಯುದ್ಧದಲ್ಲಿ ಸೋತ ದೇಶ, ಕುಸಿದ ನಾಣ್ಯ, ಮುರಿದ ಮನಸ್ಸು ಎಂದು ಕಾರಣ ಹೇಳುವವರಿದ್ದಾರೆ. ಅದೇ ದೇಶದಲ್ಲಿ ಅದೇ ಕಷ್ಟದಲ್ಲಿದ್ದ ಎಲ್ಲರೂ ಹಾಗೆ ಬರೆಯಲಿಲ್ಲ. ಒಂದು ಅಕ್ಷರವು ತನ್ನ ಎಲ್ಲೆ ಮೀರಿ ಎಲ್ಲ ಎಂದು ಸಾಧಿಸುವುದನ್ನು ಸಹಿಸದಿದ್ದವನು ಒಂದು ಜನಾಂಗವನ್ನು ಕುರಿತು ಎಲ್ಲರೂ ಎಂದು ಬರೆದನು. ಈ ಭಾಗವನ್ನು ಓದಿದ ಮೇಲೆ ಲೇಖನವನ್ನು ಬಿಟ್ಟುಬಿಡೋಣವೆಂದು ಎರಡು ವಾರ ಯೋಚಿಸಿದ್ದುಂಟು.

ನಿವೃತ್ತನಾದ ಮೇಲೆ ಫ್ರೇಗೆ ತನ್ನ ಹುಟ್ಟೂರಿನ ಬಳಿಯ ಬಾಡ್ ಕ್ಲೈನೆನ್ ಎಂಬಲ್ಲಿ ನೆಲಸಿ, 1925ನೆಯ ಜುಲೈ 26ರಂದು ತೀರಿಕೊಂಡನು. ವಿಸ್ಮಾರಿನಲ್ಲಿ ಮಣ್ಣಾಯಿತು. ಸ್ವಂತ ಮಕ್ಕಳಿರಲಿಲ್ಲ, ದತ್ತುಪುತ್ರ ಆಲ್ಫ್ರೆಡನಿಗೆ ತನ್ನ ಹಸ್ತಪ್ರತಿಗಳನ್ನು ಬಿಟ್ಟು, ಇದೆಲ್ಲವೂ ಚಿನ್ನವಲ್ಲದಿದ್ದರೂ ಇದರಲ್ಲಿ ಚಿನ್ನವುಂಟು, ಕಳೆಯಬೇಡ ಎಂಬರ್ಥದ ಚೀಟಿ ಬರೆದಿಟ್ಟಿದ್ದನು. ಆಲ್ಫ್ರೆಡ್ ಅವನ್ನು ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯದ ಹೈನ್ರಿಕ್ ಶೋಲ್ಟ್ಸ್‌ಗೆ ಒಪ್ಪಿಸಿದನು. ತಾನು 1944ರಲ್ಲಿ ಯುದ್ಧದಲ್ಲಿ ಸತ್ತನು. 1945ರ ಮಾರ್ಚಿಯಲ್ಲಿ ಬಾಂಬು ಬಿದ್ದು ಆ ಮೂಲಪ್ರತಿಗಳು ನಾಶವಾದವು. ಶೋಲ್ಟ್ಸ್ ಮುಖ್ಯವಾದವುಗಳನ್ನು ಮೊದಲೇ ಬೆರಳಚ್ಚು ಮಾಡಿಸಿದ್ದುದರಿಂದ ಒಂದು ಪಾಲು ಉಳಿದು 1969ರಲ್ಲಿ ಪುಸ್ತಕವಾಯಿತು.

ಹಳ್ಳದ ಅಕ್ಷರ ಪ್ರೋಗ್ರಾಂ ಭಾಷೆಗಳವರೆಗೆ ಬಂದ ದಾರಿ ನೇರವಾದುದಲ್ಲ. ಫ್ರೇಗೆಯ ಲಿಪಿಯಲ್ಲಿ ಇಂದು ಯಾರೂ ಬರೆಯುವುದಿಲ್ಲ. ರಸೆಲ್ ಮತ್ತು ವೈಟ್‌ಹೆಡ್ 1910ರಿಂದ 1913ರವರೆಗೆ ಪ್ರಕಟಿಸಿದ ಮಹಾಗ್ರಂಥದಲ್ಲಿ ಆತನ ವಿಚಾರವು ಇಟಲಿಯ ಪೆಯಾನೊವಿನ ಸುಲಭವಾದ ಬರವಣಿಗೆಯನ್ನು ತೊಟ್ಟುಕೊಂಡಿತು. 1930ರ ದಶಕದಲ್ಲಿ ಅಮೆರಿಕದ ಅಲೊನ್ಜೊ ಚರ್ಚ್ ಲ್ಯಾಮ್ಡಾ ಎಂಬ ಗ್ರೀಕ್ ಅಕ್ಷರದಿಂದ ಚರಾಕ್ಷರವನ್ನು ಕಟ್ಟುವ ಗಣಿತವನ್ನು ರಚಿಸಿದನು. ಅದರಲ್ಲಿ ಕಟ್ಟಿದ ಅಕ್ಷರದ ಹೆಸರನ್ನು ಬದಲಿಸುವ ವಿಧಿ ಫ್ರೇಗೆಯ ವಿಧಿಯ ದಾಯಾದಿಯೇ. 1960ರ ಆಲ್ಗಾಲ್ ಭಾಷೆಯಲ್ಲಿ ಆರಂಭ, ಅಂತ್ಯ ಎಂಬ ಎರಡು ಪದಗಳ ನಡುವೆ ಘೋಷಿಸಿದ ಹೆಸರು ಅಲ್ಲಿಗೇ ಸೇರಿದುದು. ಅದೇ ಕಾಲದ ಲಿಸ್ಪ್ ಭಾಷೆ ಚರ್ಚನ ಲ್ಯಾಮ್ಡಾವನ್ನು ತೆಗೆದುಕೊಂಡರೂ ಎಲ್ಲೆಯನ್ನು ತೆಗೆದುಕೊಳ್ಳಲಿಲ್ಲ. ಅಲ್ಲಿ ಒಂದು ಹೆಸರಿನ ಅರ್ಥ ಅದನ್ನು ಬರೆದ ಜಾಗದಿಂದಲ್ಲ, ಆ ಹೊತ್ತಿಗೆ ಯಾರು ಅದನ್ನು ಕರೆದರೆಂಬುದರಿಂದ ತೀರ್ಮಾನವಾಗುತ್ತಿದ್ದಿತು. ಎಲ್ಲಿಯೋ ಬರೆದ ತುಂಡು ಇನ್ನೆಲ್ಲಿಯೋ ಬೇರೆ ಅರ್ಥ ಕೊಡುತ್ತಿದ್ದಿತು. 1975ರಲ್ಲಿ ಬಂದ ಸ್ಕೀಮ್ ಎಂಬ ಅದರ ತಂಗಿಭಾಷೆ ಬರೆದ ಜಾಗವೇ ಪ್ರಮಾಣವೆಂಬ ನಿಯಮವನ್ನು ಆ ವಂಶಕ್ಕೆ ತಂದಿತು. ಕಾಗದದ ಮೇಲೆ ಕಣ್ಣಿಟ್ಟರೆ ಎಲ್ಲೆ ಕಾಣಬೇಕೆಂಬ ಫ್ರೇಗೆಯ ಪಟ್ಟೂ ಅದೇ ಆಗಿದ್ದಿತು.

ಒಂದು ವಿಷಯದಲ್ಲಿ ಮಾತ್ರ ಪ್ರೋಗ್ರಾಂ ಭಾಷೆಗಳು ಆತನಿಗಿಂತ ಸಡಿಲ. ಆಲ್ಗಾಲಿನಲ್ಲಿ, ಅದರ ವಂಶದ ಸಿ ಭಾಷೆಯಲ್ಲಿ, ಒಳಗಿನ ಆವರಣದಲ್ಲಿ ಹೊಸದಾಗಿ ಘೋಷಿಸಿ ಹೊರಗಿನ ಹೆಸರನ್ನೇ ಮತ್ತೆ ಇಟ್ಟುಕೊಳ್ಳಬಹುದು; ಆಗ ಒಳಗಿನದು ಹೊರಗಿನದನ್ನು ಮರೆಮಾಡುತ್ತದೆ. ಇದನ್ನು ಓದಿದ ಮೇಲೆ, ನನ್ನ ಹಳೆಯ ಪ್ರೋಗ್ರಾಮಿನಲ್ಲಿ ಜೆಯನ್ನು ತೆಗೆದು, ಒಳಗೆ ಇನ್ನೊಂದು ಐಯನ್ನು ಘೋಷಿಸಿ ಓಡಿಸಿದೆನು. ಯಂತ್ರವು ತಕರಾರಿಲ್ಲದೆ ಮೂವತ್ತು ಅಂಕಗಳನ್ನೂ ಕೇಳಿತು, ಮೊತ್ತಗಳೂ ಸರಿಬಂದವು. ಫ್ರೇಗೆಯ ಕಟ್ಟಳೆ ಅನಗತ್ಯವಾದ ಮಡಿಯೆಂದುಕೊಂಡೆನು. ಬಳಿಕ, ಅಂಕ ಕೇಳುವಾಗ ಎಷ್ಟನೆಯ ವಿದ್ಯಾರ್ಥಿಯದೆಂಬುದನ್ನೂ ತೆರೆಯ ಮೇಲೆ ತೋರಿಸೋಣವೆಂದು ಒಳಗಿನ ಆವರಣದಲ್ಲಿ ಒಂದು ಸಾಲು ಸೇರಿಸಿದೆನು. ಐದು ಮಂದಿಯ ತರಗತಿಯಲ್ಲಿ ಯಂತ್ರವು ಆರನೆಯ ವಿದ್ಯಾರ್ಥಿಯ ಅಂಕ ಕೊಡೆಂದು ಕೇಳಿತು. ಒಳಗೆ ನಿಂತು ಹೊರಗಿನ ಐಯನ್ನು ಕರೆಯಲು ದಾರಿಯೇ ಇರಲಿಲ್ಲ. ಮತ್ತೆ ಜೆ ಎಂದು ಬರೆದು ಅಧ್ಯಾಪಕರಿಗೆ ಒಪ್ಪಿಸಿದೆನು.